ಹುಳದ ಮನೆಯ ಹೊಸ್ತಿಲು ದಾಟಿದ ಸನೋಬರ್

ತುತ್ಲಿಸಾಯ್‌ನಲ್ಲಿ ಯಾರನ್ನಾದರೂ ಸನೋಬರ್ ಆಪಾ ಎಂಥವಳು ಎಂದು ಕೇಳಿ ನೋಡಿ. ಮೊದಲು ಅಕ್ಕಪಕ್ಕ ನೋಡುತ್ತಾರೆ. ಆಮೇಲೆ ದನಿ ತಗ್ಗಿಸಿ, "ಹೆಂಗಸೇನೋ ಒಳ್ಳೇವ್ಳೇ, ಕಣ್ಣು ಮಾತ್ರ ಒಳ್ಳೇದಲ್ಲ" ಎನ್ನುತ್ತಾರೆ. ಅವಳ ಶಿಶುವಿಹಾರದಲ್ಲಿ ಐದು ವರ್ಷ ಗಂಜಿ ಕಾಯಿಸಿದವಳು ನಾನು, ಹದೀಚಾ. ಆ ಕಣ್ಣನ್ನು ದಿನವೂ ನೋಡಿದ್ದೇನೆ. ಕೋಣೆಯ ಆ ತುದಿಯಲ್ಲಿ ಒಂದು ಮಗು ತುಟಿ ಸೊಟ್ಟ ಮಾಡಿದರೆ, ಅದು ಅಳುವ ಮೊದಲೇ ಅವಳಿಗೆ ಕಾಣುತ್ತಿತ್ತು. ಆ ಕಣ್ಣಿನಲ್ಲಿ ದೋಷವಿದೆ ಎನ್ನುವುದಾದರೆ ಊರಿನ ಉಳಿದವರಿಗೆಲ್ಲ ಕಣ್ಣೇ ಇಲ್ಲ ಎಂದು ನಾನು ಹೇಳುತ್ತೇನೆ. ಎದುರಿಗೇ ಹೇಳಿದ್ದೇನೆ ಕೂಡ.

ಅವಳು ಮರ್ಗಿಲಾನ್ ಕಡೆಯಿಂದ ನಮ್ಮೂರಿಗೆ ಸೊಸೆಯಾಗಿ ಬಂದವಳು. ಗಂಡ ಬಹ್ರಾಮ್ ಮದುವೆಯಾದ ಎರಡನೇ ಚಳಿಗಾಲ ರಷ್ಯಾಕ್ಕೆ ಕಟ್ಟಡದ ಕೆಲಸಕ್ಕೆ ಹೋದ. ಅಲ್ಲಿ ಕೂಲಿಯವರಿಗೆ ಕೊಟ್ಟದ್ದು ತಗಡಿನ ಗೂಡು. ಚಳಿ ಒಳಗೆ ಬಾರದಿರಲಿ ಎಂದು ಸಂದಿಗೊಂದಿಗೆಲ್ಲ ಚಿಂದಿ ತುರುಕಿ, ಕಲ್ಲಿದ್ದಲ ಒಲೆ ಹಚ್ಚಿ ಮಲಗಿದರು. ಬೆಳಗ್ಗೆ ಅವರಲ್ಲಿ ಒಬ್ಬರೂ ಏಳಲಿಲ್ಲ. ಹೆಣ ಊರಿಗೆ ಬಂದಾಗ ನಾವೆಲ್ಲ ನೋಡಿದೆವು. ಕೆನ್ನೆ ಕೆಂಪಗಿತ್ತು, ಬಿಸಿಲಿನಲ್ಲಿ ಆಡಿ ಬಂದು ಮಲಗಿದ ಹುಡುಗನ ಹಾಗಿತ್ತು. ಅತ್ತೆ ಎದೆ ಬಡಿದುಕೊಂಡು, "ಒಂದು ಮಗೂನೂ ಹೆರಲಿಲ್ಲ, ಗಂಡನ್ನೂ ತಿಂದ್ಕೊಂಡ್ಲು" ಎಂದು ಎಲ್ಲರೆದುರು ಕೂಗಿದಳು. ಅಂದಿನಿಂದ ಬಾಣಂತಿಯ ಕೋಣೆಗೆ ನಲವತ್ತು ದಿನ ಸನೋಬರ್ ಹೋಗುವಂತಿಲ್ಲ, ಮದುವೆಯ ರೊಟ್ಟಿಗೆ ಹಿಟ್ಟು ಕಲಸುವಂತಿಲ್ಲ. ವಸಂತ ಬಂದರೆ ರೇಷ್ಮೆ ಹುಳದ ಮನೆಯ ಹೊಸ್ತಿಲು ತುಳಿಯುವಂತಿಲ್ಲ.

ಬೇರೆ ಯಾರಾದರೂ ತವರಿಗೆ ಓಡಿಹೋಗುತ್ತಿದ್ದರು. ಇವಳು ಪಟ್ಟಣದಲ್ಲಿ ಒಂದು ವರ್ಷ ಚಿಕ್ಕ ಮಕ್ಕಳಿಗೆ ಕಲಿಸುವ ತರಬೇತಿ ಮುಗಿಸಿಕೊಂಡು ಮತ್ತೆ ಇಲ್ಲಿಗೇ ಬಂದಳು. ಮುಚ್ಚಿಹೋಗಿದ್ದ ಹಳೆಯ ಪುಸ್ತಕಾಲಯವನ್ನು ಶಿಶುವಿಹಾರಕ್ಕೆಂದು ಕೇಳಿ ಇಸಿದುಕೊಂಡಳು. ದಪ್ಪ ಮಣ್ಣುಗೋಡೆಯ ಎರಡು ಕೋಣೆಗಳು. ದೊಡ್ಡದರಲ್ಲಿ ಒಲೆಯಿತ್ತು, ಚಿಕ್ಕದರ ಮಾಡು ಸೋರುತ್ತಿತ್ತು. ಅಕ್ರೋಟಿನ ಚಿಪ್ಪು, ಒಣಗಿದ ಸೋರೆಬುರುಡೆ, ಬಣ್ಣದ ಬಟ್ಟೆ ಚೂರು, ಇವೇ ಅವಳ ಬಂಡವಾಳ. ನೆಲದ ಮೇಲೆ ಮಕ್ಕಳ ನಡುವೆ ಕೂತು, ಇದು ಮೆತ್ತಗಿದೆಯೋ ಗಟ್ಟಿಯೋ, ಇದು ತೇಲುತ್ತದೋ ಮುಳುಗುತ್ತದೋ ಎಂದು ಕೇಳುತ್ತಿದ್ದಳು. ಎರಡು ವರ್ಷದ ಮಗು ಉತ್ತರ ಹೇಳುವ ತನಕ ಕಾಯುತ್ತಿದ್ದಳು. ಕಾಯುವುದಕ್ಕೂ ಸಂಬಳ ಕೊಡುತ್ತಾರಾ ಎಂದು ಗಂಡಸರು ನಗುತ್ತಿದ್ದರು.

ಸಂಜೆ ಮನೆಮನೆಗೆ ಹೋಗಿ, "ಇಡೀ ದಿನ ತೊಟ್ಲಿಗೆ ಕಟ್ ಹಾಕ್ಬೇಡ್ರವ್ವಾ, ಬಿಚ್ಚಿ ಬಿಡ್ರಿ, ಅಂಬೆಗಾಲಿಕ್ಲಿ. ಮಾತಾಡಿಸ್ರಿ, ಅದಕ್ಕೆ ಎಲ್ಲಾ ಕೇಳಿಸ್ತದೆ" ಎಂದು ಹೇಳುತ್ತಿದ್ದಳು. ಹೂಂ ಎನ್ನುವವರು ಹೂಂ ಎನ್ನುತ್ತಿದ್ದರು, ಅವಳು ಹೋದ ಮೇಲೆ ದೃಷ್ಟಿ ತೆಗೆಯಲು ಹೊಗೆ ಹಾಕುತ್ತಿದ್ದರು. ನಮ್ಮ ಹೆಂಗಸರ ಬುದ್ಧಿಗೆ ಏನನ್ನಬೇಕೋ ನನಗೆ ತಿಳಿಯದು. ನಲವತ್ತು ದಿನದ ಕೂಸನ್ನು ಅವಳ ಕಣ್ಣಿನಿಂದ ಸೆರಗಿನಲ್ಲಿ ಬಚ್ಚಿಡುತ್ತಿದ್ದರು. ಅದೇ ಕೂಸಿಗೆ ಎರಡು ವರ್ಷವಾಗಿ, ತಮಗೆ ಹತ್ತಿ ಹೊಲದ ಕೆಲಸ ಶುರುವಾದರೆ, ಬೆಳಗಿನಿಂದ ಸಂಜೆಯವರೆಗೆ ಅವಳ ಮಡಿಲಿಗೇ ಹಾಕಿ ಹೋಗುತ್ತಿದ್ದರು!

ಅವಳ ಮಕ್ಕಳಲ್ಲಿ ತಾಹಿರ್ ಎಂಬವನೊಬ್ಬನಿದ್ದ. ಎರಡೂವರೆ ವರ್ಷ. ಊರಿನ ಹಿರಿಯಜ್ಜಿ ಇನೋಬತ್‌ಳ ಮೊಮ್ಮಗನ ಮಗ. ಬಾಯಿ ಎಂದರೆ ಬಾಯಿ. ಸೌಟನ್ನು ಹಿಡಿದರೆ ಸೌಟೇನು, ಉಪ್ಪನ್ನು ಹಿಡಿದರೆ ಉಪ್ಪೇನು, ನನ್ನ ಹಲ್ಲೊಂದು ಎಲ್ಲಿ ಹೋಯಿತು ಎಂದು ನನ್ನನ್ನು ಅಡುಗೆಮನೆಯಲ್ಲಿ ಜೀವ ತಿನ್ನುತ್ತಿದ್ದ. ಮಧ್ಯಾಹ್ನ ಉಳಿದ ಮಕ್ಕಳೆಲ್ಲ ಮಲಗಿದರೂ ಇವನು ಮಲಗಿದ್ದನ್ನು ನಾನು ಒಂದು ದಿನವೂ ಕಾಣೆ. ಸನೋಬರ್ ಅವನನ್ನು ಎತ್ತಿಕೊಂಡು ಅಂಗಳದಲ್ಲಿ ತಿರುಗುತ್ತಾ, ಅವನು ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಿದ್ದಳು.

ಹೋದ ವರ್ಷ ಏಪ್ರಿಲ್‌ನಲ್ಲಿ ಊರಿನ ಹತ್ತಿ, ರೇಷ್ಮೆ ಕೆಲಸದ ತಂಡದ ಮುಖ್ಯಸ್ಥ ಹಮ್ರಾಕುಲ್ ಬಾಗಿಲಲ್ಲಿ ಬಂದು ನಿಂತ.

"ಆಪಾ, ದೊಡ್ಡ ಕೋಣೆ ಖಾಲಿ ಮಾಡ್ಕೊಡಿ. ಈ ಸಲ ರೇಷ್ಮೆ ಮೊಟ್ಟೆ ಜಾಸ್ತಿ ಬಂದೈತೆ, ಮಡಗಕ್ಕೆ ಜಾಗ ಇಲ್ಲ."

"ಮಕ್ಕಳನ್ನೇನು ಮಾಡ್ಲಿ ಅಣ್ಣಾ?"

"ಮಕ್ಳು ಎಲ್ಲಾದ್ರೂ ಬೆಳೀತಾವೆ. ಹುಳಾನ ಎಲ್ಲಂದ್ರಲ್ಲಿ ಬೆಳಸಕ್ಕಾಯ್ತದಾ?"

"ಮನೆಗೆ ಕಳಿಸಿದ್ರೆ ಎಲ್ರೂ ಸೊಪ್ಪಿಗೆ ಹೋಗಿರ್ತಾರೆ. ಇವು ಕಾಲುವೆ ದಡದಲ್ಲಿರ್ತಾವೆ. ನಿಮ್ಮ ತಂಗಿ ಮಗಳಿಗೆ ಏನಾಯ್ತು ಅಂತ ನಾನು ನಿಮಗೆ ನೆನಪು ಮಾಡ್ಬೇಕಾ?"

ಹಮ್ರಾಕುಲ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಆ ಹುಡುಗಿ ಕಾಲುವೆಗೆ ಬಿದ್ದದ್ದು ಹುಳದ ಕಾಲದಲ್ಲೇ. ಕೊನೆಗೆ ಚಿಕ್ಕ ಕೋಣೆ ಮಕ್ಕಳಿಗಿರಲಿ, ದೊಡ್ಡದು ಹುಳಕ್ಕೆ ಎಂದು ತೀರ್ಮಾನವಾಯಿತು. ಹುಳದ ಉಸ್ತುವಾರಿ ಎಂದಿನಂತೆ ಇನೋಬತ್ ಅಜ್ಜಿಗೆ.

ಅಜ್ಜಿ ಬಂದವಳೇ ಬಾಗಿಲಿಗೆ ಒಣಮೆಣಸಿನಕಾಯಿಯ ಸರ, ದೃಷ್ಟಿಯ ಸೊಪ್ಪಿನ ಕಟ್ಟು ನೇತು ಹಾಕಿದಳು. ಕಿಟಕಿಯ ಸಂದಿಗಳಿಗೆ ಗೋಧಿಹಿಟ್ಟಿನ ಅಂಟು ಬಳಿದು ಕಾಗದ ಮೆತ್ತಿದಳು. ಒಲೆಯ ಹೊಗೆಕೊಳವೆ ಗೋಡೆ ದಾಟುವಲ್ಲಿ ಚಿಂದಿ ತುರುಕಿದಳು. ಚಾಕಿ ಹುಳುವಿಗೆ, ಮೊಟ್ಟೆಯೊಡೆದು ಬಂದ ಎಳೆ ಹುಳುವಿಗೆ, ಚಳಿ ಆಗದು, ಗಾಳಿ ಆಗದು, ಹೊರಗಿನವರ ನೆರಳೂ ಆಗದು. ಎಲ್ಲ ಮುಗಿಸಿ ಸನೋಬರ್‌ಳನ್ನು ಕರೆದಳು.

"ನೀನು ಈ ಹೊಸ್ತಿಲು ಮಾತ್ರ ತುಳೀಬ್ಯಾಡ ಕಣವ್ವ. ನಿನ್ ಮ್ಯಾಲೆ ನಂಗೇನೂ ಸಿಟ್ಟಿಲ್ಲ. ನಾನಾದ್ರೆ ಸುಮ್ನಾಯ್ತೀನಿ, ಹುಳ ಸುಮ್ನಾಗಲ್ಲ."

"ತುಳಿಯಲ್ಲ ಅಜ್ಜಿ. ಆದ್ರೆ ಒಂದು ಕಿಟಕಿಯಾದ್ರೂ ಸ್ವಲ್ಪ ತೆರೆದಿಡಿ. ಒಳಗೆ ಕಲ್ಲಿದ್ದಲು ಉರೀತದೆ."

"ಹುಳ ಸಾಕೋದು ನಂಗೆ ಹೇಳ್ಕೊಡಾಕೆ ಬಂದ್ಬುಟ್ಲು ನೋಡೇ ಹದೀಚಾ" ಎಂದು ಅಜ್ಜಿ ನನ್ನ ಕಡೆ ತಿರುಗಿ ನಕ್ಕಳು.

ಮೊಟ್ಟೆ ಒಡೆದು ಹುಳ ಹೊರಬಂದ ಮೇಲೆ ಗೋಡೆಯ ಈ ಕಡೆ ಗದ್ದಲ ಕೂಡದು ಎಂದು ಅಪ್ಪಣೆಯಾಯಿತು. ಮಕ್ಕಳು ಪಿಸುಗುಟ್ಟುವುದನ್ನು ಕಲಿತವು. ಹಾಡು ನಿಂತಿತು. ತಾಹಿರ್ ಒಬ್ಬನೇ ಮರೆತು ಕಿರುಚಿ, ಆಮೇಲೆ ತಾನೇ ಬಾಯಿಗೆ ಕೈ ಅಡ್ಡ ಹಿಡಿದುಕೊಳ್ಳುತ್ತಿದ್ದ.

ಅದೇ ವಾರ ಅಜ್ಜಿಗೆ ತಲೆನೋವು ಶುರುವಾಯಿತು. ಒಳಗಿದ್ದು ಹೊರಬಂದರೆ ಹಣೆಗೆ ಬಟ್ಟೆ ಬಿಗಿದುಕೊಂಡು ಜಗಲಿಯ ಕಂಬ ಹಿಡಿದು ಕೂರುತ್ತಿದ್ದಳು. ದೃಷ್ಟಿಯಾಗಿದೆ ಎನ್ನುತ್ತಿದ್ದಳು. ದೃಷ್ಟಿ ಎಲ್ಲಿಂದ ನುಗ್ಗಿತು ಎಂದು ಹುಡುಕಿ ಇನ್ನೊಂದು ಸಂದಿಗೆ ಕಾಗದ ಮೆತ್ತುತ್ತಿದ್ದಳು. ಮರುದಿನ ತಲೆನೋವು ಇನ್ನೂ ಜೋರು, ಇನ್ನೊಂದು ಸಂದಿ ಬಂದ್. ಕಡೆಗೆ ಬಾಗಿಲಡಿಯ ಸಂದಿಗೂ ಕಂಬಳಿ ಸುರುಳಿ ಬಂತು.

"ಅಜ್ಜಿ, ತಲೆನೋವು ಒಳಗಿದ್ದಾಗ ಬರ್ತದೋ ಹೊರಗಿದ್ದಾಗಲೋ?" ಎಂದು ಸನೋಬರ್ ಕೇಳಿದಳು.

"ಒಳಗಿದ್ದಾಗ. ನಿನ್ ಕಡೆ ಗೋಡೆಯಿಂದ್ಲೇ ಬತ್ತೈತೆ."

ಸನೋಬರ್ ಹಮ್ರಾಕುಲ್‌ಗೆ ಹೇಳಿದಳು. ಅವನು, "ಎಂಬತ್ತು ವರ್ಷದ ಮುದುಕಿಗೆ ತಲೆನೋವು ಬರ್ದೆ ಇನ್ನೇನು ಬತ್ತದೆ, ಪ್ರಾಯ ಬತ್ತದಾ?" ಎಂದು ನಕ್ಕ. ಆಸ್ಪತ್ರೆಯ ಕಾಂಪೌಂಡರ್‌ಗೆ ಹೇಳಿದಳು. ಅವನು ತಲೆನೋವಿನ ಮಾತ್ರೆ ಕೊಟ್ಟು ಕಳಿಸಿದ. ಆ ದಿನಗಳಲ್ಲಿ ಅವಳಿಗೆ ನಿದ್ದೆಯಿರಲಿಲ್ಲವೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ನನ್ನೊಡನೆ ಗಂಜಿ ಪಾತ್ರೆ ಉಜ್ಜುತ್ತಾ ಒಮ್ಮೆ, "ಬಹ್ರಾಮ್ ಕೂಡ ಕಡೇ ಫೋನಲ್ಲಿ ತಲೆನೋವು ಅಂದಿದ್ದ ಹದೀಚಾ" ಎಂದಳು.

ಹುಳು ಎರಡನೇ ಸಲ ಪೊರೆ ಬಿಡಲು ಜ್ವರಕ್ಕೆ ಕೂರುವ ಮೊದಲು ಹವಾಮಾನ ಕೆಟ್ಟಿತು. ಬೆಳಗ್ಗೆ ಮಳೆ, ಮಳೆಯೊಳಗೆ ಹಿಮದ ಚೂರು. ಸಂಜೆಗೆ ಹೆಪ್ಪುಗಟ್ಟುವ ಚಳಿ ಬಿದ್ದರೆ ಹಿಪ್ಪುನೇರಳೆ ಚಿಗುರೆಲ್ಲ ಕಪ್ಪಾಗುತ್ತದೆ. ಹಮ್ರಾಕುಲ್ ಟ್ರ್ಯಾಕ್ಟರ್ ತಂದು ನಿಲ್ಲಿಸಿ, ಕೈ ಇರುವವರೆಲ್ಲ ಸೊಪ್ಪು ಕೊಯ್ಯಲು ಬರಬೇಕೆಂದ. ನಾನೂ, ಸನೋಬರ್‌ಳೂ ಸೇರಿ.

"ನಾನು ಬರಲ್ಲ. ಮಕ್ಕಳಿದ್ದಾವೆ."

"ಆ ಸೋರೋ ಕೋಣೇಲಿ ಮಕ್ಳನ್ನ ನೆನೆಸ್ಕಂಡು ಕೂತ್ಕತೀಯಾ?" ಎಂದು ತಾಹಿರನ ತಾಯಿ ದಿಲ್ಬರ್‌ಳ ಅತ್ತೆ, ಇನೋಬತ್ ಅಜ್ಜಿಯ ಸೊಸೆಯೇ, ಬಾಯಿ ಹಾಕಿದಳು. "ಪಕ್ಕದಲ್ಲೇ ಹುಳದ ಮನೆ ಬೆಚ್ಚಗೈತೆ. ನಮ್ಮತ್ತೆ ಹುಳಾನೂ ನೋಡ್ಕತಾಳೆ, ಮಕ್ಳನ್ನೂ ನೋಡ್ಕತಾಳೆ."

ತಾಯಂದಿರಿಗೆಲ್ಲ ಅದೇ ಸರಿಯೆನಿಸಿತು. ಊರಿನಲ್ಲಿ ಅಷ್ಟು ಬೆಚ್ಚಗಿನ ಕೋಣೆ ಇನ್ನೊಂದಿರಲಿಲ್ಲ. ಸನೋಬರ್ ಒಬ್ಬೊಬ್ಬರ ಕೈ ಹಿಡಿದು, ಆ ಕೋಣೆಯ ಗಾಳಿ ಕೆಟ್ಟಿದೆ, ಬೇಡ ಎಂದಳು.

"ಆಪಾ, ಹುಳಕ್ಕೆ ಆಗೋ ಗಾಳಿ ಮಕ್ಳಿಗೆ ಆಗಲ್ವಾ? ಹುಳಕ್ಕಿಂತ ನಾಜೂಕಾ ನಮ್ ಮಕ್ಳು?" ಎಂದು ಒಬ್ಬಳು ಕೇಳಿದಳು. ಎಲ್ಲರೂ ನಕ್ಕರು. ಮಕ್ಕಳನ್ನು ತಾಯಂದಿರೇ ಎತ್ತಿಕೊಂಡು ಹೋಗಿ ಹುಳದ ತಟ್ಟೆಗಳ ಕೆಳಗೆ ಹಾಸಿದ ಕಂಬಳಿಯ ಮೇಲೆ ಕೂರಿಸಿದರು. ನನ್ನ ಮೊಮ್ಮಗಳು ಮಫ್ತೂನಾಳನ್ನು ನನ್ನ ಸೊಸೆ ಬಿಟ್ಟು ಬಂದಳು. ಹೊಸ್ತಿಲಾಚೆ ನಿಂತ ಸನೋಬರ್‌ಗೆ ಒಳಗಿನಿಂದ ತಾಹಿರ್ ಏನೋ ಕೂಗಿದ. ಬಾಗಿಲು ಮುಚ್ಚಿತು. ನೋಡಿಕೊಳ್ಳಲು ಈಗ ಮಕ್ಕಳಿಲ್ಲವಲ್ಲ ಎಂದು ಹಮ್ರಾಕುಲ್ ಅವಳನ್ನೂ ಟ್ರ್ಯಾಕ್ಟರ್ ಹತ್ತಿಸಿದ.

ನಾವು ಮರ ಹತ್ತಿ ಕೊಂಬೆ ಕಡಿಯುತ್ತಿದ್ದೆವು. ಕೈ ಮರಗಟ್ಟಿತ್ತು. ಸನೋಬರ್ ಪಕ್ಕದ ಮರದಲ್ಲಿದ್ದಳು, ಕೊಯ್ದದ್ದಕ್ಕಿಂತ ಊರಿನ ಕಡೆ ನೋಡಿದ್ದೇ ಹೆಚ್ಚು. ಮನೆಮನೆಯ ಹೊಗೆ ಮಳೆಯಲ್ಲಿ ತಗ್ಗಾಗಿ ಏಳುತ್ತಿತ್ತು.

"ಹದೀಚಾ, ನಮ್ಮ ಕೊಳವೇಲಿ ಹೊಗೆ ಕಾಣ್ತಿದ್ಯಾ ನಿಂಗೆ?"

ನಾನು ನೋಡಿದೆ. ಎಲ್ಲ ಮನೆಗಳ ಹೊಗೆ ಕಾಣುತ್ತಿತ್ತು. ಶಿಶುವಿಹಾರದ್ದು ಕಾಣಲಿಲ್ಲ. "ಒಲೆ ಆರಿರ್ಬೇಕು" ಎಂದೆ.

"ಅಜ್ಜಿ ಒಲೆ ಆರೋಕೆ ಬಿಡಲ್ಲ. ಬಿಸಿ ಹೊರಗೆ ಹೋಗ್ದಿರ್ಲಿ ಅಂತ ಕೊಳವೆ ಮುಚ್ಚೋ ತಗಡು ತಿರುಗಿಸಿದ್ದಾಳೆ" ಎಂದವಳೇ ಸನೋಬರ್ ಮರದಿಂದ ಜಾರಿದಳು. ಬಿದ್ದಳೆಂದೇ ನಾನು ಎಣಿಸಿದೆ. ಎದ್ದು ಓಡಿದಳು. ಹಮ್ರಾಕುಲ್ ಹಿಂದಿನಿಂದ ಬೈಯುತ್ತಿದ್ದ. ನನಗೂ ಏನೋ ಆಯಿತು, ಕುಡುಗೋಲು ಕೈಯಲ್ಲಿ ಹಿಡಿದೇ ಹಿಂದೆ ಓಡಿದೆ. ಈ ವಯಸ್ಸಿನಲ್ಲಿ ಅಷ್ಟು ಕೆಸರಿನಲ್ಲಿ ನಾನು ಹೇಗೆ ಓಡಿದೆನೋ ಅಲ್ಲಾನೇ ಬಲ್ಲ.

ಇನೋಬತ್ ಅಜ್ಜಿ ಜಗಲಿಯಲ್ಲಿ ಕೂತು ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚುತ್ತಿದ್ದಳು. ಹಣೆಗೆ ಬಟ್ಟೆ ಬಿಗಿದಿತ್ತು. ಮುಂದೆ ನೆಲದಲ್ಲಿ ವಾಂತಿ ಮಾಡಿಕೊಂಡ ಗುರುತಿತ್ತು. ಸನೋಬರ್‌ಳನ್ನು ಕಂಡವಳೇ ಎದ್ದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಅಲ್ಲೇ ನಿಲ್ಲು! ಮಕ್ಳು ಚೆಂದಾಗಿ ಮಲಗವೆ. ಒಂದು ಸದ್ದಿಲ್ಲ. ಕೆನ್ನೆ ನೋಡ್ಬೇಕು, ದಾಳಿಂಬೆ ಹೂ ಆಗವೆ."

"ಎಲ್ಲಾ ಮಲಗಿದಾವಾ?"

"ಎಲ್ಲಾ."

"ತಾಹಿರ್?"

"ಅವ್ನೂ. ನಿನ್ ಕೈಲಿ ಒಂದಿನ ಮಲಗಿಸಾಕಾಯ್ತಾ? ನಾನು ಮಲಗಿಸಿವ್ನಿ ನೋಡು."

ಸನೋಬರ್ ಮುಂದೆ ನುಗ್ಗಿದಳು. ಹಿರಿಯಳನ್ನು, ನಮ್ಮೂರಿನಲ್ಲಿ ಎಲ್ಲರೂ ಕೈಗೆ ಮುತ್ತಿಡುವ ಹಿರಿಯಳನ್ನು, ಎರಡು ತೋಳಿನಿಂದ ಎತ್ತಿ ಪಕ್ಕಕ್ಕೆ ಇಟ್ಟು ಬಾಗಿಲನ್ನು ಒದ್ದಳು. ಕಂಬಳಿ ಸುರುಳಿ ಸಿಕ್ಕಿಕೊಂಡಿತು, ಮತ್ತೆ ಒದ್ದಳು. ಒಳಗೆ ಹೋದವಳು ಕಾಲ್ಮಣೆ ಎತ್ತಿ ಎರಡೂ ಕಿಟಕಿ ಒಡೆದಳು. ಬಿಸಿ ಗಾಳಿ ನನ್ನ ಮುಖಕ್ಕೆ ಹೊಡೆಯಿತು. ವಾಸನೆಯೇ ಇರಲಿಲ್ಲ. ಅದೇ ನನಗೆ ಇಂದಿಗೂ ಭಯ. ಒಳ್ಳೆಯ, ಬೆಚ್ಚಗಿನ, ಸೊಪ್ಪಿನ ಪರಿಮಳದ ಕೋಣೆ ಅದು.

ಅವಳು ಒಂದೊಂದೇ ಮಗುವನ್ನು ಹೊರಗೆ ತರುತ್ತಿದ್ದಳು, ನಾನು ಜಗಲಿಯಲ್ಲಿ ಮಲಗಿಸಿ ಕೆನ್ನೆ ತಟ್ಟುತ್ತಿದ್ದೆ. ಹಿಮದ ಚೂರು ಮುಖದ ಮೇಲೆ ಬಿದ್ದಾಗ ಒಂದು ಮಗು ಮುಲುಗಿತು. ನನ್ನ ಮಫ್ತೂನಾ ವಾಂತಿ ಮಾಡಿಕೊಂಡು ಅತ್ತಳು. ಆ ಅಳು ಕೇಳಿ ನಾನೂ ಅತ್ತೆ. ಒಂದರ ಹಿಂದೆ ಒಂದು ಅಳತೊಡಗಿದವು. ತಾಹಿರ್ ಮಾತ್ರ ಅಳಲಿಲ್ಲ. ಅವನು ಒಲೆಯ ಪಕ್ಕದಲ್ಲೇ ಮಲಗಿದ್ದ. ಸನೋಬರ್ ಅವನನ್ನು ಮಳೆಯಲ್ಲಿ ಮಡಿಲಲ್ಲಿಟ್ಟುಕೊಂಡು ಬಾಯಿಗೆ ಬಾಯಿಟ್ಟು ಉಸಿರು ಊದುತ್ತಿದ್ದಳು. ತಾಯಂದಿರು ಓಡಿ ಬಂದರು, ದಿಲ್ಬರ್ ಕೆಸರಿನಲ್ಲಿ ಕುಸಿದಳು. ಎಷ್ಟು ಹೊತ್ತಾಯಿತೋ ನನಗೆ ಗೊತ್ತಿಲ್ಲ. ಕೊನೆಗೆ ಅವನೊಮ್ಮೆ ಕೆಮ್ಮಿ ಕಣ್ಣು ಬಿಟ್ಟ.

ಒಂದು ಮಗುವೂ ಸಾಯಲಿಲ್ಲ. ಅದೇ ಸನೋಬರ್‌ಳ ಗ್ರಹಚಾರವಾಯಿತು.

ಎರಡು ದಿನದಲ್ಲಿ ಹುಳುಗಳೆಲ್ಲ ಸತ್ತವು. ಒಡೆದ ಕಿಟಕಿಯ ಶೀತಗಾಳಿ ಚಾಕಿ ಹುಳುವನ್ನು ಉಳಿಸುತ್ತದೆಯೇ? ಹಮ್ರಾಕುಲ್ ತಟ್ಟೆಗಳನ್ನು ಅಂಗಳದಲ್ಲಿ ಸುರಿಸಿ ಎಲ್ಲರನ್ನೂ ಕರೆಸಿದ. ಮಕ್ಕಳಲ್ಲಿ ಮೂವರಿಗೆ ಮಳೆಯಲ್ಲಿ ಮಲಗಿಸಿದ್ದಕ್ಕೆ ಎದೆ ಕಟ್ಟಿತ್ತು. ಕಾಂಪೌಂಡರ್, ಹೊಗೆಯೂ ಇರಬಹುದು, ಚಳಿಯೂ ಇರಬಹುದು ಎಂದು ಎರಡೂ ಕಡೆ ಕೈ ತೋರಿಸಿದ. ಆಗ ಇನೋಬತ್ ಅಜ್ಜಿ ಎದ್ದು ನಿಂತಳು.

"ಗಾಳಿ ವಿಷ ಆಗಿದ್ರೆ ಮೊದ್ಲು ಸಾಯ್ಬೇಕಾಗಿದ್ದು ಹುಳ. ಇವ್ಳು ಬಾಗ್ಲು ಒದೆಯೋಗಂಟ ಒಂದು ಹುಳಾನೂ ಸತ್ತಿರ್ಲಿಲ್ಲ. ಇವ್ಳು ಕಾಲಿಟ್ಲು, ಎಲ್ಲಾ ಸತ್ವು. ಇನ್ನು ನಾನೇನೇಳ್ಲಿ?"

ನಾನು ಕೂಗಾಡಿದೆ. "ನಿಮ್ ಮಕ್ಳು ನಿಮ್ ಮಡ್ಲಲ್ಲಿ ಕೂತವೆ, ಕಣ್ ಕಾಣ್ಸಲ್ವಾ?" ಎಂದೆ. ನನ್ನ ಸೊಸೆಯೇ ನನ್ನ ತೋಳು ಹಿಡಿದು ಕೂರಿಸಿದಳು. ಸನೋಬರ್ ಹುಳದ ಮಾತು ಎತ್ತಲೇ ಇಲ್ಲ. ಒಂದನ್ನೇ ಕೇಳಿದಳು.

"ನನ್ನನ್ನ ತೆಗೀರಿ, ಬೇಜಾರಿಲ್ಲ. ಆ ಕೋಣೇಲಿ ಇನ್ನು ಮಕ್ಕಳನ್ನ ಮಲಗಿಸಲ್ಲ ಅಂತ ಒಬ್ರಾದ್ರೂ ಹೇಳಿ."

ಒಬ್ಬರೂ ಹೇಳಲಿಲ್ಲ. ಮರುದಿನ ಅವಳ ಕೆಲಸ ಹೋಯಿತು. ಅಜ್ಜಿಯ ಮೊಮ್ಮಗಳೊಬ್ಬಳು ಶಿಶುವಿಹಾರದ ಬೀಗದ ಕೈ ಇಸಿದುಕೊಂಡಳು. ನಾನು ಸೌಟು ಎಸೆದು ಮನೆಗೆ ಬಂದೆ.

ಈಗ ಸನೋಬರ್ ತನ್ನ ಮನೆಯ ಅಂಗಳದಲ್ಲಿ ಎರಡೇ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಒಂದು ನನ್ನ ಮಫ್ತೂನಾ, ಸೊಸೆಯ ಜೊತೆ ಮೂರು ವಾರ ಜಗಳವಾಡಿ ಗೆದ್ದದ್ದು. ಇನ್ನೊಂದು ಊರಾಚೆಯ ಕುರುಬರ ಮಗು. ಅದೇ ಚಿಪ್ಪು, ಅದೇ ಬುರುಡೆ, ಅದೇ ಕಾಯುವುದು. ಮಧ್ಯಾಹ್ನದ ಮೇಲೆ ದಿನವೂ ಇನೋಬತ್ ಅಜ್ಜಿಯ ಮನೆಗೆ ಹೋಗಿ, ಒಳಗೆ ಬಿಡದಿದ್ದರೂ ಗೇಟಿನಾಚೆ ಕೂತು ತಾಹಿರನನ್ನು ಮಾತಾಡಿಸುತ್ತಾಳೆ. ಅವನು ಅವಳ ಮುಖ ನೋಡುತ್ತಾನೆ. ಉತ್ತರ ಹೇಳುವುದಿಲ್ಲ. ವರ್ಷವಾಯಿತು, ಅವನು ಯಾರಿಗೂ ಉತ್ತರ ಹೇಳಿಲ್ಲ.

ಮೊನ್ನೆ ಅಜ್ಜಿಯ ಅಂಗಳದ ಬಿಸಿಲಿನಲ್ಲಿ ಹೆಂಗಸರು ಚಹಾ ಕುಡಿಯುತ್ತಾ ಕೂತಿದ್ದೆವು. ತಾಹಿರ್ ಗೋಡೆಗೆ ಒರಗಿ ಕೂತಿದ್ದ. ಕೈಗೆ ಕೊಟ್ಟ ರೊಟ್ಟಿ ಚೂರು ಕೈಯಲ್ಲೇ ಇತ್ತು.

"ಎಷ್ಟು ಒಳ್ಳೆ ಮಗು ಅಜ್ಜಿ ನಿಮ್ದು! ಕೂರಿಸಿದ ಕಡೆ ಕೂತಿರ್ತದೆ. ನಮ್ದಿದೆ, ಸೈತಾನ, ಒಂದು ಗಳಿಗೆ ಕೂರಲ್ಲ, ಬಾಯಿ ಮುಚ್ಚಲ್ಲ" ಎಂದು ಒಬ್ಬಳು ನಿಟ್ಟುಸಿರು ಬಿಟ್ಟಳು.

ಅಜ್ಜಿ ತಾಹಿರನ ತಲೆ ಸವರಿದಳು. "ಮದ್ಲು ಇವ್ನೂ ಹಂಗೇ ಇದ್ದ ಕಣವ್ವ. ಆ ಹುಳದ ಮನೇಲಿ ಮಲಗೆದ್ದ ಮ್ಯಾಲೇ ಇಷ್ಟು ಸಾಧು ಆಗಿದ್ದು. ಆ ಬಿಸಿ ಮಕ್ಳ ತಲೆಗೆ ಒಳ್ಳೇದು. ಈ ಸಲ ನಿಮ್ಮವನ್ನೂ ತಂದು ಮಲಗಿಸಿ, ನಾನು ನೋಡ್ಕತೀನಿ."

ಹೆಂಗಸರು ತಲೆಯಾಡಿಸಿದರು. ದಿಲ್ಬರ್ ಒಬ್ಬಳು ಚಹಾದ ಬಟ್ಟಲಿನಿಂದ ತಲೆ ಎತ್ತಲಿಲ್ಲ, ಆ ಮನೆಯ ಸೊಸೆ ಅವಳು. ನಾನು ಎದ್ದು ಬಾಯಿಗೆ ಬಂದದ್ದೆಲ್ಲ ಅಂದೆ. ಹದೀಚಾಳ ತಲೆ ಕೆಟ್ಟಿದೆ, ಆ ಕಣ್ಣಿನವಳ ಸಹವಾಸ ಎಂದು ನಕ್ಕರು. ಸನೋಬರ್‌ಗೆ ಹೋಗಿ ಹೇಳಿದೆ. ಅವಳು ಆ ಕ್ಷಣವೇ ತಲೆಗೆ ಬಟ್ಟೆ ಕಟ್ಟಿಕೊಂಡು ಮನೆಮನೆಗೆ ಹೊರಟಳು. ನಾನೂ ಜೊತೆಗೆ ಹೋದೆ. ನಮ್ಮನ್ನು ಕಂಡು ಗೇಟುಗಳು ಮುಚ್ಚಿಕೊಂಡವು.

ಮೊಟ್ಟೆ ಈ ವಾರ ಬರುತ್ತದಂತೆ. ದೊಡ್ಡ ಕೋಣೆಯ ಕಿಟಕಿಗಳಿಗೆ ಹೊಸ ಗಾಜು ಹಾಕಿಸಿದ್ದಾರೆ, ಅಜ್ಜಿ ಅಂಟು ಕಲಸಿ ಕಾಗದ ಮೆತ್ತುತ್ತಿದ್ದಾಳೆ. ಬೆಳಗಿನಿಂದ ತಾಯಂದಿರು ಒಬ್ಬೊಬ್ಬರಾಗಿ ಮಕ್ಕಳ ಹಾಸಿಗೆ ಹೊತ್ತು ತಂದು, ಒಲೆಯ ಹತ್ತಿರದ ಜಾಗಕ್ಕಾಗಿ ಜಗಳವಾಡುತ್ತಿದ್ದಾರೆ.